ಸ್ಪಿಂಡಲ್ ಎಷ್ಟಿದ್ದರೇನು, ಹತ್ತಿ ಬರಬೇಕಲ್ಲ

"ಎರಡು ಲಕ್ಷ ಕೊಟ್ಟು ಕಾರ್ಡ್ ತಗೋತಾನಂತೆ ಕಣೋ. ಅದೂ ಇನ್ನೂ ಬಂದೇ ಇಲ್ಲವಂತೆ, ಕಾಯ್ತಿದಾನೆ. ನೀನಾದ್ರೂ ಬುದ್ಧಿ ಹೇಳು."

ದಾವಣಗೆರೆಯಿಂದ ಅಕ್ಕನ ಫೋನ್. ಬುದ್ಧಿ ಹೇಳಬೇಕಾದ ನಾನು ಆ ಹೊತ್ತಿಗೆ ಮ್ಯೂನಿಕ್‌ನಲ್ಲಿ ಕೂತು ಅದೇ ಕಾರ್ಡಿನ ಸುದ್ದಿ ಓದುತ್ತಿದ್ದೆ. ಕಾರ್ಡ್ ಅಂದ್ರೆ ಗ್ರಾಫಿಕ್ಸ್ ಕಾರ್ಡ್, ಕಂಪ್ಯೂಟರಿನಲ್ಲಿ ವಿಡಿಯೊ, ಎಐ ಥರದ ಭಾರೀ ಲೆಕ್ಕ ಮಾಡುವ ಭಾಗ.

ಅಕ್ಕನ ಮಗ ಎಂಜಿನಿಯರಿಂಗ್ ಕೊನೇ ವರ್ಷದಲ್ಲಿದ್ದಾನೆ. ಶನಿವಾರ, ಭಾನುವಾರ ಮದುವೆ ವಿಡಿಯೊ ಎಡಿಟ್ ಮಾಡುತ್ತಾನೆ. ರಾತ್ರಿ ಹೊತ್ತು ಕನ್ನಡದ ಮಾತನ್ನು ಬರಹಕ್ಕಿಳಿಸುವ ಎಐ ಪ್ರಯೋಗ. ಅವನ ಹತ್ತಿರ ಇರುವುದು ಎನ್ವಿಡಿಯಾ ಕಂಪನಿಯ, 12 ಜಿಬಿ ಮೆಮೊರಿಯ ಆರ್‌ಟಿಎಕ್ಸ್ 3060. ನನ್ನದು 3090. ಇಬ್ಬರೂ ಎನ್ವಿಡಿಯಾದ 5090 ಆದಮೇಲೆ ಬರುವ ಕಾರ್ಡಿಗೆ ಕಾಯುತ್ತಿದ್ದೇವೆ.

ಇಲ್ಲಿ ಕಾಯುವುದೆಂದರೆ ಲೆಕ್ಕ. 3090 ಬಂದದ್ದು 2020ರ ಸೆಪ್ಟೆಂಬರ್‌ನಲ್ಲಿ, 4090 2022ರ ಅಕ್ಟೋಬರ್‌ನಲ್ಲಿ, 5090 2025ರ ಜನವರಿಯಲ್ಲಿ. ಎರಡು ವರ್ಷ ಚಿಲ್ಲರೆಗೆ ಒಂದು. ಹಾಗಾದ್ರೆ ಮುಂದಿನದು 2027ರಲ್ಲಿ ಅಂತ ನನ್ನ ಆಫೀಸಿನವರು ಊಟದ ಟೇಬಲ್ಲಿನಲ್ಲಿ ಪಂಚಾಂಗ ಹೇಳುತ್ತಾರೆ. ಕೋರ್‌ಗಳ, ಅಂದ್ರೆ ಕಾರ್ಡಿನೊಳಗೆ ಲೆಕ್ಕ ಮಾಡುವ ಪುಟ್ಟ ಘಟಕಗಳ, ಸಂಖ್ಯೆ ಬಾಯಿಪಾಠ: 10,496, ಆಮೇಲೆ 16,384, ಆಮೇಲೆ 21,760. ಹಳೇ ಕಾರ್ಡಿನ ಡಬ್ಬಿ, ಬಿಲ್ಲು ಎಲ್ಲ ಜೋಪಾನವಾಗಿ ಎತ್ತಿಟ್ಟಿರುತ್ತಾರೆ. ಹೊಸದು ಬರುವ ಮುಂಚೆಯೇ ಹಳೆಯದನ್ನು ಮಾರಿದರೆ ಒಳ್ಳೆ ಬೆಲೆ ಸಿಗುತ್ತದಲ್ಲ.

ದಾವಣಗೆರೆಯ ಅಂಗಡಿಯಲ್ಲಿ ಕೋರ್ ಎಷ್ಟು ಅಂತ ಯಾರೂ ಶುರು ಮಾಡುವುದಿಲ್ಲ. ಹೋದ ಸಲ ಊರಿಗೆ ಹೋದಾಗ ಅಳಿಯನ ಜೊತೆ ಹೋಗಿದ್ದೆ. ಅಂಗಡಿಯವರು ಮೊದಲು ಕೇಳಿದ್ದೇ "ಏನ್ ಕೆಲ್ಸಕ್ಕೆ?" ಎರಡನೇದು "ಮನೇಲಿ ಯುಪಿಎಸ್ ಎಷ್ಟರದ್ದು?" ನನಗೆ ನಗು ಬಂತು. ಆಮೇಲೆ ಯೋಚಿಸಿದರೆ, ಇಷ್ಟು ವರ್ಷದಲ್ಲಿ ನನ್ನ ಆಫೀಸಿನ ಒಬ್ಬರೂ ಈ ಎರಡು ಪ್ರಶ್ನೆ ಕೇಳಿರಲಿಲ್ಲ.

ನಮ್ಮಪ್ಪ ಕಾಟನ್ ಮಿಲ್ಲಿನಲ್ಲಿ ಫಿಟ್ಟರ್ ಆಗಿದ್ದವರು. ದಾವಣಗೆರೆಯಲ್ಲಿ ಮಿಲ್ಲಿನ ಸೈರನ್ ಕೇಳಿ ಗಡಿಯಾರ ಸರಿ ಮಾಡಿಕೊಳ್ಳುತ್ತಿದ್ದ ಕಾಲ. ಅವರು ಹೇಳುತ್ತಿದ್ದರು: ಮಿಲ್ಲಿನವರು ನೂಲು ತೆಗೆಯೋ ಸ್ಪಿಂಡಲ್ ಲೆಕ್ಕ ಕೊಡ್ತಾರೆ, ಆದ್ರೆ ಹತ್ತಿ ಹೊತ್ತಿಗೆ ಸರಿಯಾಗಿ ಬರದಿದ್ರೆ ಸ್ಪಿಂಡಲ್ ಸುಮ್ನೆ ನಿಂತಿರ್ತವೆ. ಗ್ರಾಫಿಕ್ಸ್ ಕಾರ್ಡಿನ ಬಗ್ಗೆ ಇದಕ್ಕಿಂತ ಚೆನ್ನಾಗಿ ನನಗಂತೂ ಯಾರೂ ಹೇಳಿಕೊಟ್ಟಿಲ್ಲ. ಕೋರ್‌ಗಳೇ ಸ್ಪಿಂಡಲ್. ಮೆಮೊರಿಯೇ ಗೋಡೌನ್. ಗೋಡೌನಿನಿಂದ ಸ್ಪಿಂಡಲ್‌ವರೆಗೆ ಸೆಕೆಂಡಿಗೆ ಎಷ್ಟು ಸರಕು ಬರುತ್ತದೆ ಅನ್ನುವುದು ಬ್ಯಾಂಡ್‌ವಿಡ್ತ್. 3090ರಲ್ಲಿ ಅದು 936 ಜಿಬಿ, 4090ರಲ್ಲಿ 1,008, 5090ರಲ್ಲಿ 1,792. ಎಐ ಮಾಡೆಲ್ ಒಂದೊಂದು ಪದದ ತುಂಡು ಹೊರಹಾಕುವಾಗಲೂ ಗೋಡೌನಿನಲ್ಲಿರುವ ಹೆಚ್ಚುಕಡಿಮೆ ಇಡೀ ಮಾಡೆಲನ್ನು ಒಮ್ಮೆ ಓದಬೇಕು. 20 ಜಿಬಿಯ ಮಾಡೆಲ್ ಆದರೆ 3090 ಸೆಕೆಂಡಿಗೆ ಬಹಳ ಅಂದ್ರೆ 46 ತುಂಡು, 5090 ಬಹಳ ಅಂದ್ರೆ 89. ಅದೇ 3090ರಿಂದ 4090ಕ್ಕೆ ಹೋದವರಿಗೆ ಈ ಕೆಲಸದಲ್ಲಿ ಸಿಕ್ಕಿದ್ದು ಚೂರೇ ಚೂರು. ಸ್ಪಿಂಡಲ್ ಒಂದೂವರೆ ಪಟ್ಟು ಆಗಿತ್ತು, ಹತ್ತಿ ಗಾಡಿ ಮಾತ್ರ ಹೆಚ್ಚುಕಡಿಮೆ ಅಷ್ಟೇ ಇತ್ತು. ನಾನು ಆಗ ಕಾರ್ಡ್ ಬದಲಾಯಿಸದೇ ಇದ್ದದ್ದು ಅದಕ್ಕೇ. ದುಡ್ಡಿರಲಿಲ್ಲ ಅನ್ನುವುದೂ ಒಂದು ಕಾರಣ, ಬಿಡಿ.

ಗೋಡೌನಿನ ಅಳತೆ ಇನ್ನೂ ಮುಖ್ಯ. 24 ಜಿಬಿ, ಮತ್ತೆ 24, ಈಗ 32. 70 ಬಿಲಿಯನ್ ಪ್ಯಾರಾಮೀಟರಿನ (ಮಾಡೆಲ್ ಕಲಿತಿಟ್ಟುಕೊಂಡ ಸಂಖ್ಯೆಗಳು) ಮಾಡೆಲನ್ನು, ಒಂದೊಂದು ಸಂಖ್ಯೆಗೆ ಬರೀ 4 ಬಿಟ್ ಜಾಗ ಕೊಟ್ಟು ಹಿಂಡಿದರೂ 35 ಜಿಬಿ ಆಗುತ್ತದೆ. 5090ರಲ್ಲೂ ಹಿಡಿಯುವುದಿಲ್ಲ. ಎರಡು ಹಳೇ 3090 ಜೋಡಿಸಿದರೆ 48 ಜಿಬಿ, ಅದರಲ್ಲಿ ಹಿಡಿಯುತ್ತದೆ. ಹಾಗಾಗಿ ಹೊಸ ಕಾರ್ಡಿನ ಬಗ್ಗೆ ನನ್ನ ಪ್ರಶ್ನೆ ಒಂದೇ, ಎಷ್ಟು ಜಿಬಿ? 32ಕ್ಕೇ ನಿಂತರೆ ನನ್ನ ಮಟ್ಟಿಗೆ ಅದು ಹೊಸ ಬಣ್ಣ ಹೊಡೆದ ಹಳೇ ಬಸ್ಸು.

ಆಸೆ ಇಟ್ಟುಕೊಳ್ಳುವುದಕ್ಕೂ ಕಾರಣ ಇದೆ. 3090ರಿಂದ 4090ಕ್ಕೆ ಹೋಗುವಾಗ ಚಿಪ್ ತಯಾರಿಸುವ ವಿಧಾನ ಸ್ಯಾಮ್‌ಸಂಗ್‌ನ 8 ನ್ಯಾನೊಮೀಟರ್‌ನಿಂದ ತೈವಾನಿನ ಟಿಎಸ್‌ಎಂಸಿ ಕಂಪನಿಯ ಇನ್ನೂ ಸೂಕ್ಷ್ಮವಾದ 4ಎನ್‌ಗೆ ಹಾರಿತು. ವಿಧಾನ ಸೂಕ್ಷ್ಮವಾದಷ್ಟೂ ಅಷ್ಟೇ ಕರೆಂಟಿನಲ್ಲಿ ಜಾಸ್ತಿ ಕೆಲಸ. 5090 ಅದೇ 4ಎನ್ ಮನೆತನದಲ್ಲೇ ಉಳಿಯಿತು. ಅದಕ್ಕೇ ಚಿಪ್ಪನ್ನು ದೊಡ್ಡದು ಮಾಡಿ, ಕರೆಂಟ್ ಜಾಸ್ತಿ ಕುಡಿಸಿ ವೇಗ ತೆಗೆದರು. ಡೇಟಾ ಸೆಂಟರಿಗೆಂದು ಎನ್ವಿಡಿಯಾ ತಂದ ರುಬಿನ್ ಚಿಪ್ಪು 3 ನ್ಯಾನೊಮೀಟರಿನದು. ಮನೆ ಕಾರ್ಡಿಗೂ ಆ ಹೆಜ್ಜೆ ಬಂದರೆ ಕಾದದ್ದು ಸಾರ್ಥಕ. ಕಾದರೆ ಬೆಲೆ ಇಳಿಯುತ್ತದೆ ಅಂತ ಮಾತ್ರ ನಂಬಬೇಡಿ. ಡೇಟಾ ಸೆಂಟರುಗಳು ಮೆಮೊರಿ ಚಿಪ್ಪುಗಳನ್ನು ಬಾಚಿಕೊಂಡು 2025ರ ಕೊನೆಗೆ ರ‍್ಯಾಮ್ ಬೆಲೆ ಹೇಗೆ ಏರಿತು ಅಂತ ನೋಡಿದ್ದೇವಲ್ಲ.

ಇನ್ನು ಕರೆಂಟು. 350 ವಾಟ್, 450, ಈಗ 575. ಮ್ಯೂನಿಕ್‌ನ ಜನವರಿಯಲ್ಲಿ ಇದು ಸುಖ. ಕಾರ್ಡ್ ಓಡಿಸಿದರೆ ಕೋಣೆ ಬೆಚ್ಚಗಾಗುತ್ತದೆ, ಹೀಟರ್ ತಗ್ಗಿಸುತ್ತೇನೆ. ದಾವಣಗೆರೆಯ ಏಪ್ರಿಲ್‌ನಲ್ಲಿ, ಅಕ್ಕನ ಮನೆಯ ಆರ್‌ಸಿಸಿ ತಾರಸಿ ಕೆಳಗಿನ ಕೋಣೆಯಲ್ಲಿ, ಅರ್ಧ ಹೀಟರ್ ಹಾಕಿಕೊಂಡು ಕೂತ ಹಾಗೆ. ಅದನ್ನು ತಣಿಸಲು ಎಸಿ ಬೇಕು, ಎಸಿಗೆ ಮತ್ತೆ ಕರೆಂಟು. ರಾತ್ರಿ ಎಂಟು ತಾಸು ಪೂರ್ತಿ ಓಡಿಸಿದರೆ ಕಾರ್ಡೊಂದಕ್ಕೇ 4.6 ಯೂನಿಟ್, ತಿಂಗಳಿಗೆ 138. ಅಕ್ಕನಿಗೆ ಎರಡು ಲಕ್ಷಕ್ಕಿಂತ ಈ 138ರ ಮೇಲೇ ಸಿಟ್ಟು ಜಾಸ್ತಿ. ಗೃಹಜ್ಯೋತಿಯಲ್ಲಿ ತಿಂಗಳಿಗೆ 200 ಯೂನಿಟ್ ದಾಟಿದರೆ ಇಡೀ ಬಿಲ್ಲು ಕಟ್ಟಬೇಕು. "ನಿನ್ನ ಅಳಿಯನ ಕಾರ್ಡು ನಮ್ಮ ಫ್ರಿಜ್ಜಿನ ಪಾಲು ತಿಂದುಹಾಕುತ್ತೆ" ಅಂದಳು. ಇಷ್ಟು ಖಡಕ್ಕಾದ ವಿಮರ್ಶೆ ನಾನು ಯಾವ ಟೆಕ್ ಚಾನೆಲ್ಲಿನಲ್ಲೂ ಕೇಳಿಲ್ಲ.

ಅಂಗಡಿಯವರ "ಏನ್ ಕೆಲ್ಸಕ್ಕೆ" ಪ್ರಶ್ನೆಗೆ ನಾನೂ ಅಳಿಯನೂ ಫೋನಿನಲ್ಲಿ ಸರಿಯಾಗಿ ಕೂತು ಉತ್ತರ ಹುಡುಕಿದೆವು. ಮದುವೆ ವಿಡಿಯೊ ಬರುವುದು 10 ಬಿಟ್ 4:2:2ರಲ್ಲಿ, ಅಂದ್ರೆ ಬಣ್ಣದ ವಿವರ ಹೆಚ್ಚಿಗೆ ಇರುವ ರೂಪದಲ್ಲಿ. ಅದನ್ನು ಬಿಡಿಸುವ ಹಾರ್ಡ್‌ವೇರ್ 30 ಮತ್ತು 40ರ ಸರಣಿಯಲ್ಲಿ ಇಲ್ಲ, 50ರ ಸರಣಿಯಲ್ಲಿದೆ. ಅದಕ್ಕೆ 5090 ಬೇಕಿಲ್ಲ, 16 ಜಿಬಿಯ, 300 ವಾಟ್‌ನ 5070 ಟಿಐನಲ್ಲೂ ಇದೆ. ಮಾತನ್ನು ಬರಹಕ್ಕಿಳಿಸುವ ವಿಸ್ಪರ್‌ನ ದೊಡ್ಡ ಮಾಡೆಲಿಗೆ 10 ಜಿಬಿ ಸಾಕು, ಅವನ 3060ಯಲ್ಲೇ ಓಡುತ್ತದೆ. 2025ರಲ್ಲಿ ಬಿಡುಗಡೆಯಾದಾಗ ಭಾರತದಲ್ಲಿ 5090ರ ಬೆಲೆ 2,14,000 ರೂಪಾಯಿ ಇತ್ತು, 5070 ಟಿಐಗೆ 80,000. ಅವನು ಸ್ವಲ್ಪ ಹೊತ್ತು ಮಾತಾಡಲಿಲ್ಲ.

ಊರಿನ ರೀತಿ ಎಲ್ಲಾ ಸರಿ ಅಂತಲೂ ಅಲ್ಲ. ಸೆಕೆಂಡ್ ಹ್ಯಾಂಡ್ ಕಾರ್ಡನ್ನು "ನಮ್ಮ ಹುಡುಗನೇ, ನಂಬಿಕೆಯವನು" ಅಂತ ಬಿಲ್ಲಿಲ್ಲದೆ ಕೊಳ್ಳುತ್ತಾರೆ. 2022ರ ಸೆಪ್ಟೆಂಬರ್‌ನಲ್ಲಿ ಎಥೀರಿಯಂ ಮೈನಿಂಗ್, ಅಂದ್ರೆ ಈ ಕಾರ್ಡುಗಳಿಂದ ಲೆಕ್ಕ ಮಾಡಿಸಿ ಕ್ರಿಪ್ಟೊ ಹಣ ಗಳಿಸುವ ಕೆಲಸ, ನಿಂತಾಗ ಹಗಲೂ ರಾತ್ರಿ ದುಡಿದು ಸುಸ್ತಾದ ಕಾರ್ಡುಗಳು ಮಾರುಕಟ್ಟೆಗೆ ಸುರಿದವು. ಅಳಿಯ ಅದರಲ್ಲೊಂದನ್ನು ಹಾಗೇ ನಂಬಿ ತಂದಿದ್ದ. ಮೂರು ತಿಂಗಳಿಗೆ ಫ್ಯಾನ್ ಹೋಯಿತು, ವಾರಂಟಿ ಕೇಳಲು ಕಾಗದವೇ ಇರಲಿಲ್ಲ. ಬಿಲ್ಲಿನ ವಿಷಯದಲ್ಲಿ ಜರ್ಮನ್ನರಿಂದ ಕಲಿಯಬೇಕು.

ಮೊನ್ನೆ ಅವನೇ ಫೋನ್ ಮಾಡಿದ. "ಮಾಮ, ನನಗೆ ಹೊಸದು ಬೇಡ. ನೀವು ಯಾವಾಗ ತಗೋತೀರಿ?"

"ಮೆಮೊರಿ ಎಷ್ಟು ಕೊಡ್ತಾರೆ ನೋಡಿ ಹೇಳ್ತೀನಿ. ಯಾಕೆ?"

"ನಿಮ್ಮ 3090 ಸುಮ್ನೆ ಕೂರುತ್ತಲ್ಲ, 24 ಜಿಬಿ. ಬರೋವಾಗ ಬಿಲ್ಲೂ ತನ್ನಿ."