ಇನ್ನೊಂದು ಚೂರು

ನನ್ನ ಬೈಕಿಗೆ ಹಾರ್ನ್ ಬೇಕಿರಲಿಲ್ಲ. ಸೈಲೆನ್ಸರ್ ಇಂಜಿನ್ನಿಗೆ ಸೇರುವ ಕಡೆ ಒಂದು ವಾಷರ್ ಸುಟ್ಟುಹೋಗಿ, ಗಾಡಿ ಪಟಪಟ ಅಂತ ಒದರುತ್ತಲೇ ಬರುತ್ತಿತ್ತು. ನಾನು ಓಣಿಯ ಮೂಲೆ ತಿರುಗುತ್ತಿದ್ದಂತೆ ಮನೆಯಲ್ಲಿ ಹೆಂಡತಿ ಚಾಕ್ಕೆ ನೀರಿಡುತ್ತಿದ್ದಳು. ಗಾಡಿ ನಿಲ್ಲಿಸಿ ಕಾಲು ತೊಳೆದು ಒಳಗೆ ಹೋದರೆ ಬಿಸಿ ಚಾ ರೆಡಿ. ಆದರೆ ಎದುರು ಮನೆಯ ಕೂಸು ಬೆಚ್ಚಿಬಿದ್ದು ಅಳುತ್ತಿತ್ತು. ಒಂದು ದಿನ ಅದರ ಅಜ್ಜಿ ಬಾಗಿಲಿಗೆ ಬಂದು, "ತಮ್ಮಾ, ನಮ್ಮ ಟ್ರ್ಯಾಕ್ಟರ್ ಸುದ್ದಾ ಇಷ್ಟು ಒದರಂಗಿಲ್ಲಪ್ಪ" ಅಂದರು. ಆಮೇಲೆ ಸುಮ್ನಿರುವುದು ಹೇಗೆ?

ಕೆಲಸ ಏನೂ ದೊಡ್ಡದಲ್ಲ. ಎರಡು ನಟ್ಟು, ಹತ್ತರ ಪಾನಾ. ಬಿಚ್ಚುವುದು, ಹೊಸ ವಾಷರ್ ಇಡುವುದು, ಬಿಗಿ ಮಾಡುವುದು. ಇಷ್ಟಕ್ಕೆ ಗ್ಯಾರೇಜಿಗೆ ಯಾಕೆ ಅಂತ ಭಾನುವಾರ ಬೆಳಿಗ್ಗೆ ಅಂಗಳದಲ್ಲೇ ಕೂತೆ. ಎಡಗಡೆ ನಟ್ಟು ಮರ್ಯಾದೆಯಿಂದ ಬಿಚ್ಚಿಕೊಂಡಿತು. ಬಲಗಡೆಯದು ಜಪ್ಪಯ್ಯ ಅಂದರೂ ಕದಲಲಿಲ್ಲ.

ನಮ್ಮ ಗಂಗಾವತಿಗೆ ಅಂಜನಾದ್ರಿ ಹತ್ತಿರ. 575 ಮೆಟ್ಟಿಲು ಹತ್ತಿ ಎಷ್ಟೋ ಸಲ ಹನುಮಪ್ಪನಿಗೆ ಕೈಮುಗಿದು ಬಂದಿದ್ದೇನೆ. ದಾರಿಗೆ ಅಡ್ಡ ಬಿದ್ದ ಬಾಲವನ್ನು ಎತ್ತಲು ಹೋಗಿ ಭೀಮಸೇನ ಬೆವರಿದ ಕತೆಯೂ ಗೊತ್ತು. ಅದೇ ಬಾಲ ಹತ್ತರ ನಟ್ಟಾಗಿ ನನ್ನ ಬೈಕಿನಲ್ಲೇ ಕೂತಿದೆ ಅಂತ ಮಾತ್ರ ಗೊತ್ತಿರಲಿಲ್ಲ. ಭೀಮನ ಹತ್ತಿರ ಗದೆಯಾದರೂ ಇತ್ತು. ನನ್ನ ಹತ್ತಿರ ಇದ್ದದ್ದು ಬಾಯಿ ಸವೆದ ಪಾನಾ. ಅದು ಎರಡು ಸಲ ಜಾರಿತು. ಮೊದಲ ಸಲ ನನ್ನ ಬೆರಳಿನ ಗೆಣ್ಣು ಕಿತ್ತಿತು, ಎರಡನೇ ಸಲ ನಟ್ಟಿನ ಮೂಲೆ. ಬೆರಳಾದರೆ ವಾರದಲ್ಲಿ ಮಾಯುತ್ತದೆ. ನಟ್ಟಿನ ಮೂಲೆ ಮಾಯುವುದಿಲ್ಲ.

ತಪ್ಪು ನಟ್ಟಿನದಲ್ಲ ಬಿಡಿ. ಹೆಂಡತಿಯ ತವರಿನವರದು ಎಡದಂಡೆ ಕಾಲುವೆ ನೀರಿನ ಭತ್ತದ ಗದ್ದೆ. ನಾಟಿ ಬಂತೆಂದರೆ ಅಲ್ಲಿಯ ಕೆಸರಿನಲ್ಲಿ ಅರ್ಧ ನನ್ನ ಗಾಡಿಗೆ ಮೆತ್ತಿಕೊಂಡು ಬರುತ್ತದೆ. ನಾನೋ, ಸೈಲೆನ್ಸರ್ ಇನ್ನೂ ಚುರ್ ಅನ್ನುತ್ತಿರುವಾಗಲೇ ಕೊಡ ನೀರು ಸುರಿದು ತೊಳೆಯುವವನು. ಕಾಯುವುದು, ಆರುವುದು, ನೆನೆಯುವುದು, ಮತ್ತೆ ಕಾಯುವುದು. ಕಬ್ಬಿಣ ತುಕ್ಕಾದರೆ ಮೊದಲಿದ್ದ ಎರಡು ಪಟ್ಟಿಗಿಂತ ಜಾಸ್ತಿ ಜಾಗ ಕೇಳುತ್ತದೆ. ನಟ್ಟಿನ ಒಳಗೆ ಎಲ್ಲಿಂದ ಬರಬೇಕು ಅಷ್ಟು ಜಾಗ? ಅಲ್ಲೇ ಬೆಣೆ ಹೊಡೆದ ಹಾಗೆ ಕಚ್ಚಿಕೊಂಡು ಕೂರುತ್ತದೆ.

ಇಷ್ಟರಲ್ಲಿ ಜನ ಸೇರಿದರು. ನಮ್ಮ ಕಡೆ ಕಬ್ಬಿಣದ ಕೆಲಸ ಅಂದರೆ ಈಗ ಎಲ್ಲರೂ ಇಂಜಿನಿಯರುಗಳೇ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಡ್ಯಾಮಿನ 19ನೇ ಗೇಟಿನ ಚೈನು ಹರಿದು ಗೇಟೇ ಕೊಚ್ಚಿಹೋಯಿತಲ್ಲ, ಅದಾದ ಮೇಲೆ ಒಂದು ವಾರ ಚಾದಂಗಡಿಗಳಲ್ಲಿ ಬೇರೆ ಮಾತೇ ಇರಲಿಲ್ಲ. ಹರಿಯುವ ನೀರಿನಲ್ಲೇ ಸ್ಟಾಪ್‌ಲಾಗ್ ಅನ್ನುವ ಉಕ್ಕಿನ ಅಡ್ಡಹಲಗೆ ಇಳಿಸಿ ನೀರು ನಿಲ್ಲಿಸಿದರು. ಇಳಿಸಿದವರು ಯಾರೋ, ಅನುಭವ ಬಂದದ್ದು ಮಾತ್ರ ನಮ್ಮ ಓಣಿಗೆ.

"ಏನಪ್ಪಾ, 33 ಗೇಟಿನ ಡ್ಯಾಮ್ ಸಂಬಾಳಿಸ್ತಾರ, ನಿನಗ ಒಂದು ನಟ್ಟು ಬಿಚ್ಚಾಕ ಆಗವಲ್ದ?" ಅನ್ನುತ್ತ ಪಕ್ಕದ ಮನೆಯ ಕಾಕಾ ಬಂದರು. ರಿಟೈರ್ಡ್ ಬಸ್ ಡ್ರೈವರ್. ಅವರು ಟೈರ್ ಬದಲಿಸಿದಷ್ಟು ಸಲ ನಾನು ಅಂಗಿ ಬದಲಿಸಿಲ್ಲ. ಪಾನಾಕ್ಕೆ ಪೈಪು ತೊಡಿಸಿ ಉದ್ದ ಮಾಡಿದರೆ ಸಾಕು, ಎಂಥ ನಟ್ಟಾದರೂ ಬರುತ್ತದೆ ಅನ್ನುವುದು ಅವರ ಸಿದ್ಧಾಂತ. ಹಿತ್ತಲಿನಿಂದ ಮುರಿದ ಮಂಚದ ಪೈಪನ್ನೂ ತಂದೇಬಿಟ್ಟರು. ಎದುರು ಮನೆಯ ಅಜ್ಜಿ, "ಹುಣಸಿಹಣ್ಣು ಹಚ್ಚಿ ತಿಕ್ಕು, ನಮ್ಮ ತಾಮ್ರದ ಕೊಡ ಹ್ಯಾಂಗ ಬೆಳಗ್ತಾವ ನೋಡು" ಅಂದರು. ನಟ್ಟು ಬೆಳಗಿದರೆ ನನಗೇನು ಬಂತು?

ರೈಸ್ ಮಿಲ್ಲಿನಲ್ಲಿ ಫಿಟ್ಟರ್ ಆಗಿರುವ ಹುಡುಗನೊಬ್ಬ ದೂರ ನಿಂತೇ ನೋಡುತ್ತಿದ್ದ. ಮೆಲ್ಲಗೆ ಹೇಳಿದ: "ಡೀಸೆಲ್ ಬಿಟ್ಟು ಒಂದು ರಾತ್ರಿ ಹಂಗ ಇಡ್ರಿ. ಮುಂಜಾನೆ ಸುತ್ತಿಗಿಲೆ ಸಣ್ಣಗೆ ಬಡೀರಿ. ಮೊದ್ಲು ಚೂರು ಬಿಗಿ ಮಾಡ್ರಿ, ಆಮ್ಯಾಲ ಬಿಚ್ರಿ."

ಅವನದೊಬ್ಬನದೇ ಸರಿಯಾದ ಮಾತು. ಆದರೆ ಮೆಲ್ಲಗೆ ಹೇಳಿದ್ದ, ಕಾಕಾ ಜೋರಾಗಿ ಹೇಳಿದ್ದರು. ಬಿಚ್ಚಬೇಕಾದದ್ದನ್ನು ಬಿಗಿ ಮಾಡು ಅನ್ನುತ್ತಾನಲ್ಲ ಅಂತ ಎಲ್ಲರೂ ನಕ್ಕರು. ತುಕ್ಕಿನ ಹಿಡಿತ ಬಿಡಿಸಲು ಹಾಗೆ ಮಾಡುತ್ತಾರಂತೆ. ಮುಂದೆ ತಿಳಿಯಿತು. ಅವನ ಮಾತು ತೆಗೆದುಹಾಕಬಾರದೆಂದು ಡೀಸೆಲನ್ನೇನೋ ಹಾಕಿದೆ. ರಾತ್ರಿಯೆಲ್ಲ ಬಿಡಬೇಕಾದದ್ದನ್ನು ಹತ್ತು ನಿಮಿಷ ಬಿಟ್ಟೆ.

ಆಮೇಲೆ ಪೈಪು ತೊಡಿಸಿ ಎಳೆದೆವು. ನಾನು ಎಳೆಯುವುದು, ಕಾಕಾ "ಇನ್ನೊಂದು ಚೂರು" ಅನ್ನುವುದು. ಗಾಡಿ ಮಲಗಬಾರದೆಂದು ಇಬ್ಬರು ಹಿಡಿದುಕೊಂಡಿದ್ದರು. ಇನ್ನೊಂದು ಚೂರು. ಇನ್ನೊಂದು ಚೂರು. ಪಾನಾ ಮೆಲ್ಲಗೆ ತಿರುಗಿತು. "ಬಂತು ಬಂತು!" ಅಂತ ಓಣಿಗೆ ಓಣಿಯೇ ಕೂಗಿತು. ಗಟ್ಟಿಯಾಗಿದ್ದ ನಟ್ಟು ಕೈಗೆ ಬೆಲ್ಲದ ಪಾಕದ ಹಾಗೆ ಮೆತ್ತಗೆ ಸಿಗುತ್ತಿತ್ತು. ಅಷ್ಟು ಖುಷಿ ನನಗೆ ನೌಕರಿ ಸಿಕ್ಕ ದಿನವೂ ಆಗಿರಲಿಲ್ಲ.

ಫಿಟ್ಟರ್ ಹುಡುಗ ಮಾತ್ರ "ಅಣ್ಣಾರ, ಸಾಕ್ರಿ, ಸಾಕು" ಅಂದ.

ಸಡಿಲಾಗುವ ನಟ್ಟು ಟಕ್ ಅಂತ ಸದ್ದು ಮಾಡಿ ಬಿಡುತ್ತದೆ. ಹೀಗೆ ಮೆತ್ತಗೆ ಬಂದರೆ ತಿರುಗುತ್ತಿರುವುದು ನಟ್ಟಲ್ಲ, ಒಳಗಿನ ಸ್ಟಡ್, ಅಂದರೆ ಇಂಜಿನ್ನಿನಿಂದ ಹೊರಗೆ ಬಂದು ನಟ್ಟನ್ನು ಹಿಡಿಯುವ ಕಬ್ಬಿಣದ ಕಡ್ಡಿ, ಹೊಸೆದುಕೊಳ್ಳುತ್ತಿದೆ ಅಂತ ಅರ್ಥ. ಇದನ್ನು ಯಾರಾದರೂ ಮೊದಲೇ ಹೇಳಬಾರದಿತ್ತಾ? ಹೇಳಿದ್ದ ಅನ್ನಿ. ನಾನು ಇನ್ನೊಂದು ಚೂರು ಎಳೆದೆ. ಕಟ್ ಅಂತು. ಪಾನಾ, ಪೈಪು, ನಟ್ಟು, ನಟ್ಟಿನೊಳಗೆ ಮುರಿದ ಸ್ಟಡ್ಡಿನ ತುಂಡು, ಅದರ ಹಿಂದೆ ನಾನು, ಎಲ್ಲ ಒಟ್ಟಿಗೆ ಹೋಗಿ ಹೆಂಡತಿ ಒಣಗಲು ಹಾಕಿದ್ದ ಸಂಡಿಗೆಯ ಮೇಲೆ ಬಿದ್ದೆವು.

ತಲೆ ಎತ್ತಿ ನೋಡಿದರೆ ಅಂಗಳದಲ್ಲಿ ಒಬ್ಬರೂ ಇಲ್ಲ. ಕಾಕಾ ಪೈಪು ಸಹ ಬಿಟ್ಟು ಹೋಗಿದ್ದರು. ಹೆಂಡತಿ ಏನಂದಳು ಅನ್ನುವುದು ಇಲ್ಲಿ ಬೇಡ.

ಸೋಮವಾರ ಗಾಡಿ ತಳ್ಳಿಕೊಂಡು ಗ್ಯಾರೇಜಿಗೆ ಹೊರಟೆ. ದಾರಿಯುದ್ದಕ್ಕೂ ಒಂದೇ ಪ್ರಶ್ನೆ: "ಪೆಟ್ರೋಲ್ ಖಾಲಿ ಆತೇನ್ರಿ?" ಮೊದಮೊದಲು ವಿವರ ಹೇಳಿದೆ. ಆಮೇಲೆ "ಹೂಂರಿ" ಅಂದುಬಿಟ್ಟೆ.

ಮೇಸ್ತ್ರಿ ಬಗ್ಗಿ ನೋಡಿ ಕೇಳಿದ: "ಎಷ್ಟು ಮಂದಿ ಕೂಡಿ ಮುರದ್ರಿ ಸರ?"

"ಇಲ್ಲಪ್ಪ, ನಾನೊಬ್ಬನೇ."

"ಒಬ್ಬರ ಕೈಲೆ ಹಿಂಗ ಮುರಿಯಂಗಿಲ್ರಿ."

ಅವನು ಅವಸರವನ್ನೇ ಮಾಡಲಿಲ್ಲ. ಪೆಟ್ರೋಲ್ ಟ್ಯಾಂಕ್ ಇಳಿಸಿ ದೂರ ಇಟ್ಟ. ಬ್ಯಾಟರಿ ವೈರ್ ತೆಗೆದ. ಹೊರಗೆ ಜೋಳದ ಕಾಳಿನಷ್ಟು ಉಳಿದಿದ್ದ ಸ್ಟಡ್ಡಿನ ತುದಿಗೆ ಒಂದು ಹೊಸ ನಟ್ಟು ಇಟ್ಟು, ಅದರ ತೂತಿನೊಳಗೇ ವೆಲ್ಡಿಂಗ್ ಹಿಡಿಸಿದ. ಕೆಂಪಗೆ ಕಾದದ್ದು ಆರುವವರೆಗೆ ಕೂತು ಒಂದು ಚಾ ಕುಡಿದ. ನನಗೂ ಕುಡಿಸಿದ. ಆಮೇಲೆ ಪಾನಾ ಇಟ್ಟು ಹಿಂದೆ ಮುಂದೆ, ಹಿಂದೆ ಮುಂದೆ ಆಡಿಸಿದ. ಟಕ್ ಅಂತು! ಬೆರಳಿನಲ್ಲೇ ತಿರುವಿ ಹೊರಗೆ ತೆಗೆದ. ಆ ಕಾವಿಗೇ ತುಕ್ಕಿನ ಹಿಡಿತ ಬಿಟ್ಟಿರುತ್ತದಂತೆ. ಪೈಪಿಲ್ಲ, ಕೂಗಿಲ್ಲ, ಹುಣಸೆಹಣ್ಣೂ ಇಲ್ಲ. ಹೊಸ ಸ್ಟಡ್ ಕೂಡಿಸಿ, ನಟ್ಟಿಗೆ ಚೂರು ಗ್ರೀಸ್ ಸವರಿ ಬಿಗಿ ಮಾಡಿದ. 30 ರೂಪಾಯಿ ವಾಷರಿನ ಕೆಲಸಕ್ಕೆ 450 ರೂಪಾಯಿ ಕೊಟ್ಟು ಬಂದೆ. ಸಂಡಿಗೆಯ ಲೆಕ್ಕ ಬೇರೆ.

ಈಗ ಗಾಡಿ ಬೆಕ್ಕಿನ ಹಾಗೆ ಬರುತ್ತದೆ. ಎದುರು ಮನೆಯ ಕೂಸು ಹಾಯಾಗಿ ಮಲಗುತ್ತದೆ. ನಾನು ಕಾಲು ತೊಳೆದು, ಮುಖ ಒರೆಸಿಕೊಂಡು ಅಡುಗೆಮನೆಗೆ ಇಣುಕಿದರೆ ಹೆಂಡತಿ ಬೆಚ್ಚಿ ತಿರುಗಿ, "ಅಯ್ಯ, ಯಾವಾಗ ಬಂದ್ರಿ?" ಅನ್ನುತ್ತಾಳೆ. ಚಾಕ್ಕೆ ಇನ್ನೂ ನೀರೇ ಇಟ್ಟಿರುವುದಿಲ್ಲ.