ಶೇ 3ರ ಯೇಲ್ ಅಧ್ಯಯನ ನಡೆದೇ ಇಲ್ಲ

‘1953ರಲ್ಲಿ ಯೇಲ್ ವಿಶ್ವವಿದ್ಯಾಲಯದ ಶೇ 3ರಷ್ಟು ಪದವೀಧರರು ಮಾತ್ರ ಗುರಿ ಬರೆದಿಟ್ಟಿದ್ದರು; 20 ವರ್ಷಗಳಲ್ಲಿ ಅವರ ಸಂಪತ್ತು ಉಳಿದ ಶೇ 97 ಮಂದಿಯದ್ದನ್ನು ಮೀರಿತ್ತು’ ಎಂಬ ಸಂದೇಶ ಹರಿದಾಡುತ್ತಲೇ ಇದೆ. ಅಂಥ ಅಧ್ಯಯನ ನಡೆದಿಲ್ಲವೆಂದು ಯೇಲ್ ಗ್ರಂಥಾಲಯವೇ ಹೇಳಿದೆ. ಕೆಲವರಂತೂ ಇದನ್ನೇ ಹಾರ್ವರ್ಡ್ ತಲೆಗೆ ಕಟ್ಟಿದ್ದಾರೆ!

ಸಿರಿವಂತಿಕೆಯನ್ನು ಕಲ್ಪಿಸಿಕೊಂಡರೆ ಸಾಕು, ಹಣ ತಾನಾಗಿ ಬರುತ್ತದೆ ಎಂಬ ಜೊತೆಮಾತೂ ನಿಜವಲ್ಲ. ಒಳಗಿನ ತೃಪ್ತಿ ನೆಮ್ಮದಿ ಕೊಡಬಹುದು, ಸಂಬಳ ಬೇರೆ ವಿಷಯ. ಮನೋವಿಜ್ಞಾನಿಗಳಾದ ಗೇಬ್ರಿಯೆಲ್ ಎಟಿಂಗನ್, ಡೋರಿಸ್ ಮೇಯರ್ 2002ರಲ್ಲಿ ಪ್ರಕಟಿಸಿದ ಅಧ್ಯಯನವನ್ನೇ ನೋಡಿ: ಒಳ್ಳೆಯ ಕೆಲಸದ ಹಗಲುಗನಸಲ್ಲಿ ಹೆಚ್ಚು ಮುಳುಗಿದ್ದ ಪದವೀಧರರು ಕಡಿಮೆ ಅರ್ಜಿ ಹಾಕಿದ್ದರು, ಎರಡು ವರ್ಷಗಳ ಬಳಿಕ ಅವರ ಸಂಬಳವೂ ಕಡಿಮೆಯಿತ್ತು. ಕೆಲಸ ಸಿಗುತ್ತದೆಂಬ ನಿರೀಕ್ಷೆ ಗಟ್ಟಿಯಾಗಿದ್ದವರು ಮಾತ್ರ ಹೆಚ್ಚು ಗಳಿಸುತ್ತಿದ್ದರು.