ಬ್ರಷ್ ಒಣಗೋಕೂ ಒಂದು ಮೂಲೆ ಬೇಕು

ನಾಳೆ ಹಲ್ಲುಜ್ಜುವಾಗ ಸುಮ್ನೆ ಲೆಕ್ಕ ಹಾಕಿ ನೋಡಿ. ನಲ್ಲಿ ಬೇಕು, ಉಗಿಯಲು ಜಾಗ ಬೇಕು, ಆಮೇಲೆ ಒದ್ದೆ ಬ್ರಷ್ ಒಣಗಲು ಒಂದು ಮೂಲೆ ಬೇಕು. ಮನೆಯೇ ಇಲ್ಲದವರ ಬ್ರಷ್ ಚೀಲದ ತಳದಲ್ಲಿ, ಬಟ್ಟೆಗಳ ನಡುವೆ ಒದ್ದೆಯಾಗಿಯೇ ಬಿದ್ದಿರುತ್ತದೆ. ಇಂಥವರಿಗೆ ಬ್ರಷ್, ಪೇಸ್ಟ್ ಹಂಚಿದ ಫೋಟೋ ನೋಡಿದಾಗೆಲ್ಲ ನನಗೆ ಮೊದಲು ಬರೋ ಪ್ರಶ್ನೆ, ನೀರು ಎಲ್ಲಿದೆ? (ಹಂಚಬೇಡಿ ಅಂತಲ್ಲ. ಹುಳುಕು ತಡೆಯೋ ಫ್ಲೋರೈಡ್ ಪೇಸ್ಟನ್ನು ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲೇ ಅಗತ್ಯ ಔಷಧಗಳ ಪಟ್ಟಿಗೆ ಸೇರಿಸಿದೆ.)

ಹುಳುಕು ಶುರುವಾದಾಗ ನೋವಿರಲ್ಲ, ತೊಂದರೆ ಇರೋದೇ ಅಲ್ಲಿ. ನರದ ತನಕ ಇಳಿದ ಮೇಲೆ ರಾತ್ರಿ ತಲೆ ನೆಲಕ್ಕೆ ತಾಗಿದರೆ ಸಾಕು, ದವಡೆ ಸಿಡಿಯುತ್ತದೆ. ನಾವಾದರೆ ಬೆಚ್ಚನೆ ಉಪ್ಪುನೀರು ಮುಕ್ಕಳಿಸಿ, ಮಾತ್ರೆ ನುಂಗಿ ಹೇಗೋ ಬೆಳಗು ಮಾಡುತ್ತೇವೆ. ಬೀದಿಯಲ್ಲಿ ಮಲಗಿದವರಿಗೆ ಆ ಹೊತ್ತಿಗೆ ಸಿಗೋದು ಒಂದು ಗುಟುಕು ಹೆಂಡ. ಬೆಳಿಗ್ಗೆ ಅದೇ ವಾಸನೆ ಹಿಡಿದು ಜನ "ಕುಡೀತಾನೆ, ಅದಕ್ಕೇ ಹಲ್ಲು ಹಾಳು" ಅಂತಾರೆ. ಕುಡಿತದಿಂದ ಹಲ್ಲು ಕೆಡೋದು ನಿಜ. ಹಲ್ಲುನೋವು ತಡೆಯಲಾರದೆ ಕುಡಿಯೋರೂ ಇದ್ದಾರಲ್ವಾ?

ರೂಟ್ ಕೆನಾಲ್‌ಗೆ, ಅಂದರೆ ಒಳಗಿನ ಕೆಟ್ಟ ನರ ತೆಗೆದು ಹಲ್ಲು ಉಳಿಸೋ ಚಿಕಿತ್ಸೆಗೆ, ಸಾಮಾನ್ಯವಾಗಿ ಎರಡು ಮೂರು ಸಲ ಹೋಗಬೇಕಾಗುತ್ತದೆ. ತಾರೀಖು ಹೇಳಲು ಅವರಿಗೆ ಫೋನಿಲ್ಲ, ಅಷ್ಟು ಹೊತ್ತು ಚೀಲ ಕಾಯೋರಿಲ್ಲ. ಉಳಿಸಬಹುದಾಗಿದ್ದ ಹಲ್ಲನ್ನೂ ಕೀಳಿಸಿಕೊಂಡು ಎದ್ದು ಬರುತ್ತಾರೆ. ಅದಕ್ಕೂ ಹೋಗದೆ ಕೂತರೆ ಕೀವು ತುಂಬುತ್ತದೆ, ಸೋಂಕು ಕುತ್ತಿಗೆಗೆ ಇಳಿದರೆ ಉಸಿರೇ ಕಟ್ಟಬಹುದು. ಸಕ್ಕರೆ ಕಾಯಿಲೆ ಇದ್ದರಂತೂ ವಸಡು ಬೇಗ ಕೆಡುತ್ತದೆ, ಕೆಟ್ಟ ವಸಡು ಸಕ್ಕರೆಯನ್ನೂ ಏರಿಸುತ್ತದೆ.

ಮುಂದಿನ ಹಲ್ಲು ಹೋದವರು ಕೆಲಸ ಕೇಳಲು ಹೋದಾಗ ನೋಡಿ, ಮಾತಾಡುವಾಗೆಲ್ಲ ಕೈ ಬಾಯಿಗೆ ಅಡ್ಡ ಬರುತ್ತದೆ. "ಸ" ಅಂದರೆ ಗಾಳಿ ಹೊರಡುತ್ತದೆ. ನಗಲ್ಲ, ಕಣ್ಣು ಕೊಟ್ಟು ಮಾತಾಡಲ್ಲ. ಎದುರಿಗೆ ಕೂತವರಿಗೆ ಈ ಮನುಷ್ಯ ಏನೋ ಮುಚ್ಚಿಡ್ತಿದ್ದಾನೆ ಅನ್ನಿಸುತ್ತದೆ. ಮುಚ್ಚಿಡ್ತಿರೋದು ಹೌದು, ಬರೀ ಬಾಯಿ. ಹಲ್ಲಿದ್ದವನಿಗೆ ಕಡಲೆ ಇಲ್ಲ, ಕಡಲೆ ಇದ್ದವನಿಗೆ ಹಲ್ಲಿಲ್ಲ ಅಂತೀವಿ. ಇವರಿಗೆ ಎರಡೂ ಇಲ್ಲ, ಹಲ್ಲು ಹೋಗಿದ್ದಕ್ಕೇ ಕಡಲೆಯೂ ಸಿಗ್ತಿಲ್ಲ.

ಯಾರೋ ಪುಣ್ಯಾತ್ಮರು ಹಲ್ಲುಸೆಟ್ ಮಾಡಿಸಿಕೊಟ್ಟರು ಅಂತಿಟ್ಟುಕೊಳ್ಳಿ. ರಾತ್ರಿ ತೆಗೆದು ಲೋಟದ ನೀರಲ್ಲಿಡಿ ಅಂತ ಡಾಕ್ಟರು ಹೇಳಿ ಕಳಿಸುತ್ತಾರೆ. ಲೋಟ ಎಲ್ಲಿಡೋದು? ಜೇಬಲ್ಲಿಟ್ಟು ಮಗ್ಗುಲಾದರೆ ಮುರಿಯುತ್ತದೆ, ಪಕ್ಕದಲ್ಲಿಟ್ಟರೆ ಬೆಳಿಗ್ಗೆ ಇರುತ್ತೋ ಇಲ್ಲವೋ. ಬಾಯಲ್ಲೇ ಇಟ್ಟುಕೊಂಡು ಮಲಗುತ್ತಾರೆ, ವಸಡು ಹುಣ್ಣಾಗುತ್ತದೆ. ಅದಕ್ಕೇ ನಾನನ್ನೋದು, ರಾತ್ರಿ ತಂಗುದಾಣ ಕಟ್ಟಿಸುವವರು ಹಾಸಿಗೆ ಎಣಿಸಿದ ಮೇಲೆ ಒಂದೊಂದು ಹಾಸಿಗೆಗೂ ಬೀಗ ಹಾಕಬಹುದಾದ ಒಂದು ಪುಟ್ಟ ಪೆಟ್ಟಿಗೆ ಇಡಿಸಲಿ, ಬ್ರಷ್ಷು ಮತ್ತು ಲೋಟ ಹಿಡಿಸುವಷ್ಟು ಇದ್ದರೆ ಸಾಕು.